ಹದಿನೇಳು ಸೆಕೆಂಡು

ಮುಷ್ಟಿ ಬಿಗಿ ಮಾಡಿರೆಂದು ಹೇಳಿ, ಎಡತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ ಮೇಲೆಯೇ ನಾನು ಅವರ ಹೆಸರು ಕೇಳಿದ್ದು. ನಿಂಗರಾಜ್ ಎಂದರು. ಆ ಹೆಸರು ನನ್ನ ರೋಗಿಗಳ ಪಟ್ಟಿಯಲ್ಲಿರಲಿಲ್ಲ.

"ಖಾಲಿ ಹೊಟ್ಟೇಲೆ ಬಂದೀರೇನ್ರಿ?" ಎಂದೆ.

"ಹೌದ್ರಿ, ಆರೂವರೆ ಬಸ್ಸಿಗೆ ಹರಿಹರ ಬಿಟ್ಟೆ. ಆದ್ರ ನಾನು ಕಂಪ್ಯೂಟರ್ ನೋಡಾಕ ಬಂದೋನು."

"ಮತ್ತೆ ತೋಳು ಯಾಕ ಕೊಟ್ರಿ?"

"ನೀವು ಕೇಳಿದ್ರಲ್ಲ."

ಸೂಜಿಯನ್ನು ಕೆಳಗಿಟ್ಟೆ. ಪಟ್ಟಿ ಬಿಚ್ಚಿದಲ್ಲಿ ತೆಳುವಾದ ಕೆಂಪು ಗೆರೆ ಮೂಡಿತ್ತು. ಅದು ಮಾಸುವವರೆಗೂ ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಏಕಾಂತಪ್ಪ ಸರ್ ಅವರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳೂ ವರದಿಗಳನ್ನು ಸಿದ್ಧಪಡಿಸುವವಳೂ ನಾನೇ. ನಮ್ಮ ಹಳೆಯ ಕಂಪ್ಯೂಟರ್ ಹೊಸ ವಿಂಡೋಸಿನ ಭಾರ ಹೊರಲಾರದೆ ಹೋದಾಗ, ಹರಿಹರದ ಕಂಪ್ಯೂಟರ್ ಅಂಗಡಿಯೊಂದರಿಂದ ಅದಕ್ಕೆ ವಿಂಡೋಸಿಗಿಂತ ಹಗುರವಾದ ಲಿನಕ್ಸ್ ಹಾಕಿಸಲು ಸರ್ ನಿರ್ಧರಿಸಿದ್ದರು. ಒಂದು ವರದಿಗೆ ನಲವತ್ತೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂಬುದು ಅವರ ಷರತ್ತು.

ಲಿನಕ್ಸ್ ಒಂದೇ ಆದರೂ ಅದರ ಕಿಟಕಿ, ಮೆನು, ಪಟ್ಟಿಗಳ ಜೋಡಣೆಯನ್ನು ನಾವೇ ಆರಿಸಿಕೊಳ್ಳಬಹುದೆಂದು ನಿಂಗರಾಜ್ ವಿವರಿಸಿದರು. ಆ ಜೋಡಣೆಗೆ ಡೆಸ್ಕ್‌ಟಾಪ್ ಎನ್‌ವಿರಾನ್‌ಮೆಂಟ್ ಎಂದು ಹೆಸರು. "ಮನಿ ಅದೇ ರೀ. ಅಡಿಗಿಮನಿ ಹೆಂಗೆ ಜೋಡಿಸ್ಕೋಬೇಕು ಅನ್ನೋದು ನಿಮಗ ಬಿಟ್ಟಿದ್ದು," ಎಂದರು. ಅಂಥ ಮೂರು ಜೋಡಣೆಗಳನ್ನು ಹಾಕಿಕೊಟ್ಟು, ಮುಂದಿನ ಸೋಮವಾರ ಬರುವುದಾಗಿ ಹೇಳಿ ಹೋದರು.

ಆ ಎರಡನೆಯ ಸೋಮವಾರ ನಾನು ಕೋಷ್ಟಕ ಬರೆದು, ಪ್ರತಿಯೊಂದರಲ್ಲೂ ಹತ್ತು ವರದಿಗಳ ಸರಾಸರಿ ತೆಗೆದೆ. ಗ್ನೋಮ್ ನೋಡಲು ನಿರ್ಮಲವಾಗಿತ್ತು. ಆದರೆ ತೆರೆದಿಟ್ಟ ಕಿಟಕಿಯನ್ನು ಪ್ರತಿಸಲ ಹುಡುಕಬೇಕಾಗುತ್ತಿತ್ತು: ಅರವತ್ತಮೂರು ಸೆಕೆಂಡು. ಕೆಡಿಇಯಲ್ಲಿ ಬದಲಿಸಲಾಗದ್ದೇ ಇಲ್ಲ, ಬದಲಿಸುವ ಆಸೆಯೇ ನನ್ನ ಸಮಯವನ್ನು ತಿಂದಿತು: ಅರವತ್ತು. ಎಕ್ಸ್‌ಎಫ್‌ಸಿಇ ಮಾತ್ರ ಯಾವ ಅಲಂಕಾರವೂ ಇಲ್ಲದೆ ಕೈಗೆ ಒಗ್ಗಿತು. ಎಡಕ್ಕೆ ರೋಗಿಗಳ ಪಟ್ಟಿ, ಬಲಕ್ಕೆ ವರದಿ, ನಡುವೆ ಓಡಾಡಲು ಕೀಬೋರ್ಡಿನಲ್ಲಿ ಅವರು ಹೊಂದಿಸಿಕೊಟ್ಟ ಎರಡು ಕೀಲಿಗಳು. ನಲವತ್ತೊಂದು.

ನಲವತ್ತೊಂದು ಎಂದರೆ ಕೆಲಸ ಮುಗಿಯಿತು. ಕೆಲಸ ಮುಗಿದರೆ ಹರಿಹರದ ಬಸ್ಸು ಅವರನ್ನು ಮತ್ತೆ ಇಲ್ಲಿ ಇಳಿಸುವುದಿಲ್ಲ.

ದಶಮಾಂಶವನ್ನೂ ಬಿಡದೆ ಬರೆಯುವ ನಾನು ಐವತ್ತೆಂಟು ಎಂದು ಬರೆದೆ.

ಮುಂದಿನ ಎರಡು ಸೋಮವಾರ ಅವರು ಏನೇನೋ ತಿದ್ದಿದರು. ಆ ಐವತ್ತೆಂಟನ್ನು ನಾನು ಕೆಳಗಿಳಿಯಗೊಡಲಿಲ್ಲ. "ನಿಮ್ಮ ಬೆರಳು ಇಷ್ಟು ಜೋರು ಓಡ್ತಾವು, ಸೆಕೆಂಡ್ ಯಾಕ ಇಳಿವಲ್ವು?" ಎಂದು ನನ್ನ ಬೆರಳುಗಳನ್ನೇ ನೋಡಿದರು. ಬೆರಳುಗಳು ತಪ್ಪು ಕೀಲಿ ಒತ್ತಿದವು. ಕಂಪ್ಯೂಟರ್ ಆರಿ ಹೊತ್ತುವ ನಡುವೆ ಕಪ್ಪಾದ ಪರದೆಯಲ್ಲಿ ನಮ್ಮಿಬ್ಬರ ಮುಖ ಮೂಡುತ್ತಿತ್ತು. ಇಬ್ಬರೂ ಪರದೆಯನ್ನೇ ನೋಡುತ್ತಿದ್ದೇವೆಂದು ನಟಿಸಲು ಅದಕ್ಕಿಂತ ಒಳ್ಳೆಯ ಗಳಿಗೆಯಿರಲಿಲ್ಲ.

ಐದನೆಯ ಸೋಮವಾರ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಒಂದು ಕಂಪ್ಯೂಟರಿಗೆ ಒಂದು ತಿಂಗಳು ಬೇಕೇ ಎಂದು ಅಂಗಡಿಯ ಮಾಲೀಕರು ಕೇಳಿದ್ದರಂತೆ.

"ನನ್ನ ಕೈಯಾಗ ಆಗವಲ್ದು ಮೇಡಂ. ನಾಳಿಂದ ನಮ್ಮ ಅಂಗಡಿ ಹಿದಾಯತ್ ಬರ್ತಾನ. ಅವ ನನಗಿಂತ ಚಲೋ ಮಾಡ್ತಾನ."

ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಇರಿದದ್ದು ಅದೇ. ಕೆಲಸ ಬಲ್ಲ ಮನುಷ್ಯನೊಬ್ಬ ತನಗೆ ಕೆಲಸ ಬಾರದೆಂದು ನಂಬುವಂತೆ ನನ್ನ ಒಂದು ಅಂಕಿ ಮಾಡಿತ್ತು.

ಅವರು ವೈರು ಸುತ್ತತೊಡಗಿದಾಗ ನಿಲ್ಲಿರೆಂದೆ. ಲ್ಯಾಬಿನಲ್ಲಿ ತಪ್ಪು ಅಂಕಿಯನ್ನು ಅಳಿಸುವಂತಿಲ್ಲ; ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಹಾಕಬೇಕು. ಮೂರು ಐವತ್ತೆಂಟುಗಳ ಮೇಲೂ ಗೆರೆ ಎಳೆದು, ನಲವತ್ತೊಂದೆಂದು ಬರೆದು, ಮೂರು ಕಡೆಯೂ 'ಶಾಂತಲಾ' ಎಂದು ಸಹಿ ಹಾಕಿದೆ. ಏಕಾಂತಪ್ಪ ಸರ್ ಅವರನ್ನು ಕರೆದು, ಕೆಲಸ ಎರಡನೆಯ ವಾರವೇ ಆಗಿತ್ತೆಂದೂ ಸುಳ್ಳು ನನ್ನದೆಂದೂ ಹೇಳಿದೆ. ಅವರು ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು. ಹರಿಹರದ ಅಂಗಡಿಗೆ ತಾವೇ ಫೋನು ಮಾಡಿ ತಿಳಿಸುವುದಾಗಿ ಹೇಳಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ನಿಂಗರಾಜ್ ಕೋಷ್ಟಕವನ್ನು ಕೈಗೆತ್ತಿಕೊಂಡರು. ಓದಿ ಮುಗಿಸಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಯಾಕ?"

"ಕೆಲ್ಸ ಮುಗಿದ್ರೆ ನೀವು ಬರಲ್ಲ ಅಂತ."

ಅವರ ಕಿವಿಯ ತುದಿ ಕೆಂಪಾಯಿತು. ಹರಿಹರದ ಪಕ್ಕದ ಗುತ್ತೂರಿನ ತಮ್ಮ ಮನೆಯಲ್ಲಿ ಇಂಥದೇ ಹಳೆಯ ಕಂಪ್ಯೂಟರ್ ಮುಂದಿಟ್ಟುಕೊಂಡು ನನ್ನ ವರದಿಗಳ ಮಾದರಿಯನ್ನು ತಾವೇ ಟೈಪು ಮಾಡಿ ನೋಡುತ್ತಿದ್ದರಂತೆ.

"ಈ ಹದಿನೇಳು ಸೆಕೆಂಡ್ ಹುಡುಕಾಕ ನಂದು ಮೂರು ಭಾನುವಾರ ಹೋದ್ವು."

ನನಗೆ ತಲೆಯೆತ್ತಲಾಗಲಿಲ್ಲ. ಕಾಗದ ಮಡಚುವ ಸದ್ದು ಕೇಳಿಸಿತು; ಅದನ್ನು ಅವರು ತಮ್ಮ ಜೇಬಿನಲ್ಲಿಟ್ಟುಕೊಂಡರು.

"ಬರೋ ಭಾನುವಾರ ಹರಿಹರಕ್ಕ ಬರ್ತೀರೇನ್ರಿ? ಹೊಳಿ ದಂಡಿಗೆ ಹೋಗಿ ಕೂಡೋಣು."

"ಅಲ್ಲೇನು ಕೆಲ್ಸ ಐತ್ರಿ?" ಅಭ್ಯಾಸಬಲದಿಂದ ಕೇಳಿದೆ.

"ಏನೂ ಇಲ್ರಿ," ಎಂದರು ನಿಂಗರಾಜ್. "ಕೆಲ್ಸ ಇಲ್ದಂಗ ಬರ್ರಿ."