ಕಣ್ಣಮುಂದೆ ಹೋದ ಬಸ್ಸು

ಭಾನುವಾರ ಬೆಳಿಗ್ಗೆ ಇಂಡಿ ಊರಿನ ತುಳಸೀಬಾಯಿಯ ಮನೆಯ ಬಾಗಿಲಿಗೆ ಬಂದ ಖಾತುನಬಿಯ ಕೈಯಲ್ಲಿ ಒಂದು ಫೈಲಿತ್ತು. ಅದನ್ನು ಎದೆಗೆ ಒತ್ತಿ ಹಿಡಿದಿದ್ದ ರೀತಿ ನೋಡಿದರೆ ಯಾರೋ ಕಸಿದುಕೊಳ್ಳಲು ಬಂದಿದ್ದಾರೆ ಅನ್ನಬೇಕು.

“ತುಳಸೀಬಾಯಾರು ಅದಾರೇನ್ರಿ? ನನಗ ಕಳ್ಳಿ ಅಂದಾರ್ರಿ.”

ವರದಾ ಅವಳನ್ನು ಒಳಗೆ ಕರೆದಳು. ತುಳಸೀಬಾಯಿ ವರದಾಳ ಸೋದರತ್ತೆ, ಕರೆಯುವುದು ಆತ್ಯಾ ಎಂದು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ, ಈಗ ಪಡಸಾಲೆಯಲ್ಲಿ ಹೊಲಿಗೆ ಮಶೀನು ಹಾಕಿಕೊಂಡು ಕೂತಿದ್ದಳು. ಕಳೆದುಹೋದ ಬೋರಮಾಳ ಸರ, ಸುಳ್ಳು ಸಹಿ, ಹೆಸರಿಲ್ಲದ ಪತ್ರ, ಊರಲ್ಲಿ ಇಂಥದ್ದೇನಿದ್ದರೂ ಠಾಣೆಗೆ ಹೋಗುವ ಮೊದಲು ಆ ಮಶೀನಿನ ಮುಂದೆ ಬರುತ್ತಿತ್ತು.

ಖಾತುನಬಿಯ ಸಂಗತಿ ಅರ್ಧ ವರದಾಳದ್ದೂ ಆಗಿತ್ತು. ವಿಜಯಪುರದ ಒಂದೇ ಕಾಲೇಜಿಗೆ ಹೋಗುವ ನಾಲ್ವರು ಗೆಳೆಯರು, ತಮ್ಮ ತಮ್ಮ ಊರಿಗೆ ಇನ್ನೊಂದು ಬಸ್ಸು ಬೇಕೆಂದು ಅರ್ಜಿ ಬರೆದಿದ್ದರು. ಪುರಾವೆಗಾಗಿ ಒಬ್ಬೊಬ್ಬರೂ ಒಂದೊಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನಲವತ್ತು ಜನ ಎಷ್ಟೆಷ್ಟು ನಿಮಿಷ ಕಾದರೆಂದು ಬರೆಯಬೇಕು. ಇಂಡಿಯಲ್ಲಿ ವರದಾ, ಸಿಂದಗಿಯಲ್ಲಿ ಸಿದ್ದರಾಯ, ಮುದ್ದೇಬಿಹಾಳದಲ್ಲಿ ಖಾತುನಬಿ, ಬಸವನ ಬಾಗೇವಾಡಿಯಲ್ಲಿ ವಸುಧಾ. ನಾಲ್ಕೂ ಹಾಳೆಗಳನ್ನು ವಸುಧಾಳೇ ಕೂಡಿಸಿ, ತನ್ನ ಸ್ಕೂಟಿಯ ಮೇಲೆ ಒಯ್ದು ವಿಜಯಪುರದ ಸಾರಿಗೆ ಕಚೇರಿಗೆ ಕೊಟ್ಟಿದ್ದಳು.

ನಿನ್ನೆ ಅಲ್ಲಿಯ ಸಾಹೇಬರು ಖಾತುನಬಿಯನ್ನು ಕರೆಸಿ ಫೈಲು ವಾಪಸು ಕೊಟ್ಟಿದ್ದರು. ಮೇಲೆ ಒಂದು ಟೈಪು ಮಾಡಿದ ಪತ್ರ: ‘ಮುದ್ದೇಬಿಹಾಳದ ಹಾಳೆ ಮನೆಯಲ್ಲಿ ಕೂತು ಬರೆದದ್ದು. ಐವತ್ತೊಂಬತ್ತು ನಿಮಿಷ ಯಾರು ಕಾಯುತ್ತಾರೆ?’ ಕೆಳಗೆ ಹೆಸರಿರಲಿಲ್ಲ.

“ಸೋಮವಾರ ಸಂಜೀ ಒಳಗ ಯಾವುದು ಸುಳ್ಳು ಅಂತ ಹೇಳ್ರಿ, ಇಲ್ಲಂದ್ರ ನಾಲ್ಕೂ ಹರದ ಒಗಿತೇನಿ ಅಂದಾರ್ರಿ,” ಎಂದಳು ಖಾತುನಬಿ. “ನಮ್ಮೂರು ನಾಲತವಾಡದಿಂದ ಮುದ್ದೇಬಿಹಾಳ, ಅಲ್ಲಿಂದ ಮತ್ತ ವಿಜಯಪುರ. ಈ ಜೂನಿಗೆ ಹೊಸ ಬಸ್ ಬರಲಿಲ್ಲಂದ್ರ ಸಾಲಿ ಸಾಕು ಅಂತ ಅಬ್ಬಾ ಹೇಳ್ಯಾನ್ರಿ.”

ವರದಾ ಹಿತ್ತಿಲಿಗೆ ಹೋಗಿ ವಸುಧಾಗೆ ಫೋನು ಹಚ್ಚಿದಳು. ಚಿಕ್ಕಂದಿನಲ್ಲಿ ಮಸೂತಿ ಎಂಬ ಹಳ್ಳಿಯಲ್ಲಿ ಅಜ್ಜಿಯ ಒಂದೇ ಕೌದಿಯೊಳಗೆ ಹೊಕ್ಕು ಏಳು ಸಮುದ್ರದಾಚೆಯ ಕತೆ ಕೇಳಿದವರು ಅವರಿಬ್ಬರು. ಸುಖದುಃಖ ಮೊದಲು ಹೇಳಿಕೊಳ್ಳುವುದು ಒಬ್ಬರಿಗೊಬ್ಬರು.

“ಲೇ ವಸು, ನಮ್ಮ ಹಾಳ್ಯಾಗ ಯಾವುದೋ ಒಂದು ಸುಳ್ಳು ಅಂತ ಪತ್ರ ಬಂದೈತಿ.”

“ಮುದ್ದೇಬಿಹಾಳದ್ದು ನೋಡಿದಾಗನ ನನಗ ಅನಸಿತ್ತು ಲೇ. ಅಷ್ಟೊತ್ತು ಯಾರರ ನಿಂದರ್ತಾರೇನು? ಪಾಪ, ಬಸ್ಸಿನ ಆಸೇಕ ಬರದಿರಬೇಕು.”

ಆ ‘ಪಾಪ’ ವರದಾಳ ಮನಸ್ಸಿಗೆ ನಾಟಿತು. ಒಳಗೆ ಬಂದವಳೇ ಖಾತುನಬಿಯ ಪಕ್ಕ ಕೂತು ಮೆಲ್ಲಗೆ ಅಂದಳು: “ಖರೇ ಹೇಳು ಖಾತುನ. ನಾವ್ಯಾರೂ ಸಿಟ್ಟಾಗೂದಿಲ್ಲ.”

ಖಾತುನಬಿ ಅವಳನ್ನೊಮ್ಮೆ ನೋಡಿ, ಫೈಲನ್ನು ಆತ್ಯಾಳ ಮುಂದೆ ಇಟ್ಟಳು.

ಆತ್ಯಾ ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ನಾಲ್ಕು ಉದ್ದನೆಯ ಬಟ್ಟೆಪಟ್ಟಿ ಕತ್ತರಿಸಿ, ನಿಮಿಷಕ್ಕೊಂದು ಸೆಂಟಿಮೀಟರಿನಂತೆ ಟೇಪಿನಿಂದ ಅಳೆದು ಗುರುತು ಹಾಕಿದಳು. ಆಮೇಲೆ ಹಾಳೆ ನೋಡುತ್ತ, ಒಬ್ಬೊಬ್ಬರು ಕಾದ ನಿಮಿಷಕ್ಕೆ ಒಂದೊಂದು ಗುಂಡುಪಿನ್ನು ಚುಚ್ಚುತ್ತ ಹೋದಳು. ಖಾತುನಬಿಯ ಹಾಳೆಯ ಮೇಲೆ ಚಹಾ ಲೋಟದ ಗುಂಡನೆ ಕಲೆ, ಎರಡು ಬಣ್ಣದ ಪೆನ್ನು. ಅವಳ ಪಿನ್ನುಗಳೂ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಚೆಲ್ಲಾಪಿಲ್ಲಿ. ವಸುಧಾಳ ಹಾಳೆಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ಪಿನ್ನುಗಳು ನಡುವೆ ಒತ್ತೊತ್ತಾಗಿ, ಮಲ್ಲಿಗೆ ದಂಡೆಯಂತೆ ಕೂತವು. ಅದೇ ಚಂದ ಅನಿಸಿತು ವರದಾಗೆ.

“ಮಧ್ಯಾಹ್ನ ಎಲ್ಲಾರೂ ಇಲ್ಲೇ ಬರ್ಲಿ,” ಎಂದಳು ಆತ್ಯಾ.

ಮೂರರ ಹೊತ್ತಿಗೆ ಸಿದ್ದರಾಯ ಬಂದ, ಬಸ್ಸಿನ ಧೂಳು ಕೊಡವುತ್ತ. ವಸುಧಾ ಸ್ಕೂಟಿಯ ಮೇಲೆ ಬಂದಳು. ಆತ್ಯಾ ಎಲ್ಲರಿಗೂ ಚುರಮುರಿ ಕೊಟ್ಟು, ಮಶೀನಿಗೆ ಬೆನ್ನು ಕೊಟ್ಟು ಕೂತಳು.

“ಮೊದಲು ಒಂದು ಕತಿ ಆಗ್ಲಿ. ನೀವು ಸ್ಟ್ಯಾಂಡಿನ್ಯಾಗ ನಿಂತಾಗ ಕಣ್ಣಮುಂದ ಬಸ್ ತಪ್ಪಿಸಿಕೊಂಡವರು ಯಾರು? ಒಬ್ಬೊಬ್ಬರ ಹೇಳ್ರಿ.”

ಸಿದ್ದರಾಯ ನಕ್ಕ. “ಒಬ್ಬ ಮದುಮಗ್ರಿ. ಬಾಸಿಂಗ ಕೈಯಾಗ ಹಿಡಕೊಂಡು ಓಡಿದ. ಕಂಡಕ್ಟರ ಸೀಟಿ ಹೊಡದಬಿಟ್ಟ. ಮೂವತ್ತೆಂಟು ನಿಮಿಷ ಬೈಕೋತ ಕುಂತಿದ್ದ.”

ವರದಾಗೆ ನಿಂಬೆಹಣ್ಣಿನ ಚೀಲ ಹೊತ್ತ ಮುದುಕ ನೆನಪಾದ. ಬಸ್ಸಿನ ಬೆನ್ನಿಗೆ ಕೈ ಬಡಿದರೂ ನಿಲ್ಲಲಿಲ್ಲ. ಮೂವತ್ತೊಂಬತ್ತು ನಿಮಿಷ ಅವಳ ಪಕ್ಕದಲ್ಲೇ ಕೂತು, ಏಳುವಾಗ ಎರಡು ಹಣ್ಣು ಕೊಟ್ಟಿದ್ದ.

“ಒಬ್ಬಾಕಿ ಬಾಣಂತಿ,” ಎಂದಳು ಖಾತುನಬಿ. “ಕೂಸಿನ ಟೊಪಿಗಿ ಬಿತ್ತಂತ ಹೊಳ್ಳಿ ಹೋದ್ಲು. ಟೊಪಿಗಿ ಸಿಕ್ತು, ಬಸ್ ಹೋತು. ಮುದ್ದೇಬಿಹಾಳದಾಗ ತಾಸಿಗೊಂದ ಬಸ್ರಿ. ಐವತ್ತೊಂಬತ್ತು ನಿಮಿಷ ಆಕೀದ.”

“ನಿಂದು, ವಸುಧಾ?”

“ನಮ್ಮಲ್ಲಿ ಯಾರೂ ತಪ್ಪಿಸಿಕೊಳ್ಳಲಿಲ್ಲ ಆತ್ಯಾ.”

“ನಲವತ್ತು ಮಂದ್ಯಾಗ ಒಬ್ಬರೂ?”

ಆತ್ಯಾ ಇಂಡಿಯ ಪಟ್ಟಿಯನ್ನು ಮೊಣಕಾಲ ಮೇಲೆ ಹಾಸಿದಳು. “ನಮ್ಮ ಕಡಿ ಮಂದಿ ಗಡಿಯಾರ ನೋಡಿ ಸ್ಟ್ಯಾಂಡಿಗೆ ಬರೂದಿಲ್ಲ, ಕೆಲಸ ಮುಗದಾಗ ಬರ್ತಾರ. ಬಸ್ಸು ನಲವತ್ತು ನಿಮಿಷಕ್ಕೊಂದು. ಅಂದ ಮ್ಯಾಲೆ ಕಾಯೂದು ಸೊನ್ನಿಯಿಂದ ನಲವತ್ತರೊಳಗ ಎಷ್ಟರ ಆಗಬಹುದು. ಯಾವ ನಿಮಿಷಕ್ಕೂ ಹೆಚ್ಚಿನ ಪಾಲಿಲ್ಲ. ಇದಕ್ಕ ಸಮ ವಿತರಣೆ ಅಂತೇವಿ. ಇದರ ಪರ್ಸೆಂಟೈಲ್, ಅಂದ್ರ ನೂರಕ್ಕ ಇಷ್ಟು ಮಂದಿ ಎಷ್ಟು ನಿಮಿಷದೊಳಗ ಅನ್ನೂದು, ತಗಿಯಾಕ ಪಟ್ಟಿ ಮಡಚಾಕ ಬಂದ್ರ ಸಾಕು.” ಸರಿಯಾಗಿ ಅರ್ಧಕ್ಕೆ ಮಡಚಿದಳು. “ಐವತ್ತನೇದು ಇಪ್ಪತ್ತು ನಿಮಿಷ, ಅರ್ಧ ಮಂದಿ ಇದರೊಳಗ. ಹತ್ತನೇದು ನಲವತ್ತರ ಹತ್ತರಾಗ ಒಂದು ಪಾಲು, ನಾಲ್ಕು ನಿಮಿಷ. ತೊಂಬತ್ತನೇದು ಒಂಬತ್ತು ಪಾಲು, ಮೂವತ್ತಾರು. ಅಂದ್ರ ನಲವತ್ತು ಮಂದ್ಯಾಗ ಸುಮಾರು ನಾಲ್ಕು ಮಂದಿ ನಾಲ್ಕು ನಿಮಿಷದೊಳಗ ಹತ್ತಿರಬೇಕು, ನಾಲ್ಕು ಮಂದಿ ಮೂವತ್ತಾರು ದಾಟಿರಬೇಕು. ಇಂಡಿ, ಸಿಂದಗಿ ಎರಡೂ ಹಂಗ ಅದಾವ. ಮುದ್ದೇಬಿಹಾಳದ್ದು ಅರವತ್ತರ ಪಟ್ಟಿ, ತೊಂಬತ್ತನೇದು ಐವತ್ನಾಲ್ಕು. ಅದನ್ನ ದಾಟಿದವರು ನಾಲ್ಕು ಮಂದಿ. ಖಾತುನಬಿ ಹಾಳಿ ಅಪ್ಪಟ ಖರೇ.”

ನಂತರ ಬಾಗೇವಾಡಿಯ ಪಟ್ಟಿ ಬಿಚ್ಚಿದಳು. ಮಲ್ಲಿಗೆ ದಂಡೆ.

“ಇಲ್ಲೂ ನಲವತ್ತು ನಿಮಿಷಕ್ಕೊಂದ ಬಸ್ಸು. ಒಂಬತ್ತಕ್ಕಿಂತ ಕಡಿಮಿ ಕಾದವರಿಲ್ಲ, ಮೂವತ್ತೊಂದಕ್ಕಿಂತ ಹೆಚ್ಚು ಕಾದವರಿಲ್ಲ. ಬಂದಕೂಡ್ಲೇ ಬಸ್ ಸಿಕ್ಕ ನಸೀಬದವರೂ ಇಲ್ಲ, ಕಣ್ಣಮುಂದ ಬಸ್ ಹೋದವರೂ ಇಲ್ಲ. ಮನಿಯಾಗ ಕುಂತು ಬರದ್ರ ಮನಸ್ಸು ಹಿಂಗ ನಡುವ ನಡುವನ ಬರಿತೈತಿ.”

ಆತ್ಯಾ ವಸುಧಾಳ ಕಡೆ ತಿರುಗಿದಳು.

“ಪತ್ರಾನೂ ಹಂಗ. ಬಸ್ಸಿಗೆ ಕಾದವರು ‘ಅಷ್ಟೊತ್ತು ಯಾರು ಕಾಯ್ತಾರ’ ಅಂತ ಕೇಳೂದಿಲ್ಲ. ವರದಾ, ಮುಂಜಾನೆ ಫೋನಿನ್ಯಾಗ ಯಾವ ಊರಿನ ಹಾಳಿ ಅಂತ ಈಕಿಗೆ ಹೇಳಿದ್ದಿಯೇನು?”

ವರದಾ ನೆನಪಿಸಿಕೊಂಡಳು. ಯಾವುದೋ ಒಂದು ಅಂದಿದ್ದಳು, ಅಷ್ಟೇ. ಮುದ್ದೇಬಿಹಾಳ ಅಂದದ್ದು ವಸುಧಾ.

“ಇಲ್ಲ,” ಎಂದಳು.

“ಮನ್ಯಾಗ ಬ್ಯಾಡ ಅಂದ್ರು,” ಎಂದಳು ವಸುಧಾ ಕೊನೆಗೆ. “ಗೌಡರ ಮನಿ ಹುಡುಗಿ ಮಂದಿ ನೋಡೂಹಂಗ ಸ್ಟ್ಯಾಂಡಿನ್ಯಾಗ ನಿಂದರೂದೇನು ಅಂದ್ರು. ಹಾಳಿ ಕೊಡೂವಾಗ ಸಾಹೇಬರು, ಒಂದು ಊರಿಗೆ ಮಂದೀನ ಕಳಿಸಿ ನೋಡ್ತೇನಿ ಅಂದ್ರು. ಅದು ನಮ್ಮೂರಿಗೆ ಬರಬಾರದಂತ ಆ ಪತ್ರ… ವರದಾ, ನಿನಗ ಹೇಳಬೇಕಂತ ಎಷ್ಟು ಸಲ—”

“ಹೇಳಿದ್ಯಲ್ಲ, ಮುಂಜಾನೆ,” ಎಂದಳು ವರದಾ. “ಪಾಪ ಅಂತ.”

ಸ್ಕೂಟಿಯ ಸದ್ದು ಓಣಿ ದಾಟಿದ ಮೇಲೆ ವರದಾ ಖಾತುನಬಿಯ ಕೈ ಹಿಡಿಯಲು ಹೋದಳು. ಖಾತುನಬಿ ಫೈಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಆಕಿ ಅಂಜಿ ಬರದಳ್ರಿ. ನೀವು ಅಂಜಿಕಿ ಇಲ್ಲದನ ನಂಬಿದ್ರಿ.”

ಸೋಮವಾರ ಸಾಹೇಬರು ಪಟ್ಟಿಗಳನ್ನು ಮೇಜಿನ ಮೇಲೆ ಹಾಸಿ ನೋಡಿ, ಮೂರು ಹಾಳೆಗಳನ್ನು ಒಪ್ಪಿಕೊಂಡರು. ಜೂನ್ ಒಂದರಿಂದ ಮೂರೂ ಊರಿಗೆ ಹೊಸ ಬಸ್ಸು. ಬಾಗೇವಾಡಿಯ ಹಾಳೆ ಹೊಸದಾಗಿ ಬರೆದು ತರಲು ಎಂಟು ದಿನದ ಗಡುವು ಕೊಟ್ಟರು.

ಗುರುವಾರ ವರದಾ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ರಟ್ಟು, ಹಾಳೆ ಹಿಡಿದು ನಿಂತಿದ್ದಳು. ಮೂವತ್ತೊಂಬತ್ತು ಜನ ಆಗಿದ್ದರು. ವಿಜಯಪುರದ ಬಸ್ಸು ಆಗಷ್ಟೇ ಗೇಟು ದಾಟಿತು. ಅದರ ಧೂಳಿನೊಳಗಿಂದ ವಸುಧಾ ನಡೆದು ಬಂದಳು. ಸ್ಕೂಟಿ ಇರಲಿಲ್ಲ. ಮಂದಿಯ ನಡುವೆ, ವರದಾಳಿಂದ ಒಂದು ಮಾರು ದೂರದಲ್ಲಿ, ಬಸ್ಸಿಗೆ ಬಂದವಳಂತೆ ನಿಂತಳು.

ಏಳು ಸಮುದ್ರದ ಆಚೆಯವರಂತೆ ಇಬ್ಬರೂ ಬಸ್ಸು ಹೋದ ದಾರಿ ನೋಡಿದರು. ‘ಲೇ’ ಅನ್ನುವ ಒಂದಕ್ಷರ ವರದಾಳ ನಾಲಿಗೆಯ ತುದಿಯವರೆಗೆ ಬಂತು. ಅವಳು ಹಾಳೆಯ ನಲವತ್ತನೆಯ ಸಾಲಿಗೆ ಪೆನ್ನು ಇಟ್ಟಳು.

“ಎಷ್ಟೊತ್ತಿಗೆ ಬಂದ್ರಿ?” ಎಂದು ಕೇಳಿದಳು.