ಏಳು ಚೀಟಿ

"ಕಣ್ಣ ಮುಚ್ಚು. ಗಟ್ಟಿ ಮುಚ್ಚು. ಈ ಹುಡುಗಿ ರೆಪ್ಪಿ ಸಂದ್ಯಾಗಿಂದ ನೋಡಾಕತ್ತೈತಿ!" ಎಂದು ಮರೆವ್ವ ಟೀಚರ್ ಸ್ಟೀಲಿನ ಡಬ್ಬಿಯನ್ನು ಜೋರಾಗಿ ಅಲ್ಲಾಡಿಸಿದರು.

"ಎಲ್ಲಿ ನೋಡಾಕತ್ತೇನ್ರಿ ಟೀಚರ್? ಕತ್ತಲಿ ಬಿಟ್ಟು ಏನೂ ಕಾಣವಲ್ದು," ಎಂದಳು ಶಿವಾನಿ. ಕಣ್ಣು ಮುಚ್ಚಿಯೇ ಡಬ್ಬಿಯೊಳಗೆ ಕೈ ಹಾಕಿದಳು.

ಬೈಲಹೊಂಗಲದ ಅವರ ಓಣಿಯಲ್ಲಿ ಹನ್ನೆರಡು ಹೆಂಗಸರು ಸೇರಿ ಭಿಶಿ ನಡೆಸುತ್ತಿದ್ದರು. ತಿಂಗಳಿಗೆ ಒಬ್ಬೊಬ್ಬರೂ ಐನೂರು ರೂಪಾಯಿ ಹಾಕುವುದು, ಚೀಟಿ ಎತ್ತುವುದು, ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ ಆರು ಸಾವಿರ. ಒಮ್ಮೆ ಬಂದವರ ಹೆಸರು ಮತ್ತೆ ಡಬ್ಬಿಗೆ ಬೀಳುವುದಿಲ್ಲ. ಐದು ಜನರಿಗೆ ಆಗಲೇ ಬಂದಿತ್ತು. ಇನ್ನು ಏಳು ಚೀಟಿ ಉಳಿದಿದ್ದವು.

ಚೀಟಿ ಬರೆಯುವವರು ಅಂಗನವಾಡಿಯ ಮರೆವ್ವ ಟೀಚರ್. ಎತ್ತುವವಳು ಶಿವಾನಿ. ಮಕ್ಕಳ ಕೈಯಲ್ಲಿ ಮೋಸ ಇರುವುದಿಲ್ಲವೆಂದು ಆ ಕೆಲಸ ಅವಳಿಗೆ ಸಿಕ್ಕಿತ್ತು. ಆರನೇ ಕ್ಲಾಸಿನ ಹುಡುಗಿಗೆ ಅದೇನು ಸಣ್ಣ ಹುದ್ದೆಯೇ?

ಆವತ್ತು ಅವಳಿಗೆ ಇದ್ದದ್ದು ಒಂದೇ ಆಸೆ, ಅವ್ವನ ಹೆಸರು ಬರಬೇಕು. ಭಿಶಿ ಬಂದರೆ ಸೈಕಲ್ ಕೊಡಿಸುತ್ತೇನೆಂದು ಅವ್ವ ಮಾತು ಕೊಟ್ಟಿದ್ದಳು.

ಚೀಟಿ ಬಿಚ್ಚಿ ಓದಿದಳು. "ಸಿದ್ದಲಿಂಗವ್ವ." ದನಿ ಸಪ್ಪಗಿತ್ತು.

ಮೂಲೆಯಲ್ಲಿ ಕೂತಿದ್ದ ಸಿದ್ದಲಿಂಗವ್ವ ಕಾಕೂ ಎದ್ದೇ ನಿಂತುಬಿಟ್ಟರು. "ಯವ್ವಾ! ದೇವರು ನನ್ನ ಕಡೆ ನೋಡಿದ. ನಾ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ನಾಳೆ ಬಿಟ್ಟು ಮುಂದಿನ ಸೋಮವಾರ ಆಪರೇಷನ್‌ಗೆ ಕರಕೊಂಡ ಬರ್ರಿ ಅಂದಾರ ಹುಬ್ಬಳ್ಳಿ ಡಾಕ್ಟ್ರು!"

ಅವರು ಬಾಯಿ ಬಿಡದಿದ್ದರೂ ಓಣಿಗೆಲ್ಲ ಗೊತ್ತಿತ್ತು. ಅವರ ಗಂಡ ಮಲಕಾಜಪ್ಪ ಕಾಕಾ ಟೇಲರ್. ಕಣ್ಣಿಗೆ ಪೊರೆ ಬಂದು, ಹೋದ ತಿಂಗಳು ಒಂದು ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಹಚ್ಚಿಬಿಟ್ಟಿದ್ದರು. ಸೂಜಿಗೆ ದಾರ ಪೋಣಿಸಲು ದಿನವೂ ಶಿವಾನಿಯನ್ನೇ ಕರೆಯುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಕಾಕೂ ಬಡಿದು ಮಾರುವ ರೊಟ್ಟಿಯ ಮೇಲೆ.

ಉಳಿದ ಚೀಟಿಗಳನ್ನು ಪ್ರತಿ ತಿಂಗಳೂ ಮರೆವ್ವ ಟೀಚರೇ ಒಲೆಗೆ ಹಾಕುತ್ತಿದ್ದರು. ಆವತ್ತು ಅವರ ಕೈಯಲ್ಲಿ ಚಹಾದ ಟ್ರೇ ಇತ್ತು. ಡಬ್ಬಿ ಶಿವಾನಿಯ ಕೈಯಲ್ಲೇ ಉಳಿಯಿತು. ನಾನೇ ಹಾಕಿ ಬರುತ್ತೇನೆಂದು ಅವಳು ಒಳಗೆ ಹೋದಳು.

ಒಲೆಯ ಮುಂದೆ ಕೂತಾಗ ಅವ್ವನ ಹೆಸರಿನ ಚೀಟಿಯನ್ನು ಒಮ್ಮೆ ನೋಡಬೇಕೆನಿಸಿತು. ಒಂದು ಬಿಚ್ಚಿದಳು. ಸಿದ್ದಲಿಂಗವ್ವ. ಇನ್ನೊಂದು ಬಿಚ್ಚಿದಳು. ಅದರಲ್ಲೂ ಸಿದ್ದಲಿಂಗವ್ವ. ಆರೂ ಚೀಟಿಗಳಲ್ಲಿ ಅದೇ ಹೆಸರು, ಮರೆವ್ವ ಟೀಚರ ಅದೇ ದುಂಡನೆಯ ಅಕ್ಷರ.

ಶಿವಾನಿಯ ಕಿವಿ ಬಿಸಿಯಾದವು. ಮೋಸ! ಅವಳ ಕೈಯಿಂದಲೇ ಮೋಸ ಮಾಡಿಸಿದ್ದಾರೆ! ಹೊರಗೆ ಅವ್ವ, ತನ್ನ ಹೆಸರು ಬಾರದಿದ್ದರೂ, ಚಹಾ ಕುಡಿಯುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅವ್ವನಿಗೂ ಗೊತ್ತಿತ್ತು ಎಂದಾಯಿತು. ಹಾಗಾದರೆ ಯಾರನ್ನು ಕೇಳುವುದು?

ಕೇಳಲು ದುರ್ಗಾ ಇದ್ದಿದ್ದರೆ ಚೆನ್ನಾಗಿತ್ತು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿ. ಜೂನ್‌ನಲ್ಲಿ ಅವಳ ಅಪ್ಪನಿಗೆ ವರ್ಗವಾಗಿ ಊರು ಬಿಟ್ಟು ಹೋದಳು. ಅಂದಿನಿಂದ ಶಿವಾನಿಯ ಬೆಂಚಿನ ಅರ್ಧ ಖಾಲಿ. ಅಲ್ಲಿ ಅವಳ ಪಾಟೀಚೀಲ ಕೂರುತ್ತದೆ. ಚೀಲ ಮಾತಾಡುವುದಿಲ್ಲ.

ಅಪ್ಪ ಬಸ್ ಡ್ರೈವರ್. ಎರಡು ದಿನಕ್ಕೊಮ್ಮೆ ರಾಮದುರ್ಗದಲ್ಲಿ ಹಾಲ್ಟ್. ಅವ್ವನಿಗೆ ಅರಿವೆ ಅಂಗಡಿಯಲ್ಲಿ ಏಳು ಗಂಟೆಯವರೆಗೆ ಕೆಲಸ. ಹೀಗಾಗಿ ಶಾಲೆ ಬಿಟ್ಟ ಮೇಲೆ ಶಿವಾನಿ ಮೊದಲು ಕಾಕೂನ ಮನೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ನಿಂಗರಾಜ ಮಾಮಾನ ಸೈಬರ್ ಕೆಫೆಗೆ ಹೋಗುತ್ತಿದ್ದಳು. ಗಿರಾಕಿ ಇಲ್ಲದಾಗ ಮೂಲೆಯ ಕಂಪ್ಯೂಟರ್ ಅವಳದು.

ಮಾಮಾ ಅವಳಿಗೊಂದು ಬ್ಲಾಗ್ ಮಾಡಿಕೊಟ್ಟಿದ್ದ. "ಡೈರಿ ಇದ್ದಂಗ. ಆದ್ರ ಎಲ್ಲಾರೂ ಓದಬಹುದು," ಎಂದಿದ್ದ.

ಬ್ಲಾಗಿನ ಹೆಸರು 'ಅವ್ವನ ಡಬ್ಬಿ'. ಅವ್ವ ಸಂಬಳದ ರೊಕ್ಕವನ್ನು ಅಡುಗೆಮನೆಯ ಡಬ್ಬಿಗಳಲ್ಲಿ ಹಂಚಿ ಇಡುತ್ತಿದ್ದಳು. ಜೀರಿಗೆ ಡಬ್ಬಿಯಲ್ಲಿ ಲೈಟ್ ಬಿಲ್ಲಿನದು. ಸಾಸಿವೆ ಡಬ್ಬಿಯಲ್ಲಿ ಶಾಲೆಯದು. ಮೆಂತ್ಯದ ಡಬ್ಬಿಯಲ್ಲಿ ಔಷಧದ್ದು, ಅದು ಕಹಿ ಎಂದು. ಈ ಡಬ್ಬಿಯದನ್ನು ಆ ಡಬ್ಬಿಗೆ ಹಾಕುವಂತಿಲ್ಲ. ಇದನ್ನೆಲ್ಲ ಶಿವಾನಿ ಒಂದೊಂದೇ ಅಕ್ಷರ ಕುಟ್ಟಿ ಬರೆದಿದ್ದಳು.

ಓದಿದವರು ಎಷ್ಟು? ಕೆಳಗೆ ಎಣಿಸುವ ಯಂತ್ರ ನಲವತ್ತೊಂದು ಎನ್ನುತ್ತಿತ್ತು. ಅದರಲ್ಲಿ ಮೂವತ್ತೆಂಟು ಸಲ ಬಂದವಳು ಶಿವಾನಿಯೇ. ಕಾಮೆಂಟ್ ಸೊನ್ನೆ. ದಿನವೂ ತೆರೆದು ನೋಡುತ್ತಿದ್ದಳು, ದಿನವೂ ಸೊನ್ನೆ.

ಭಿಶಿಯ ಮರುದಿನ, ಸೋಮವಾರ, ಅವಳು ಕೆಫೆಯ ಕುರ್ಚಿಯಲ್ಲಿ ಕೂತವಳೇ ಶೀರ್ಷಿಕೆ ಬರೆದಳು: 'ನಮ್ಮ ಓಣಿಯ ಭಿಶಿಯಲ್ಲಿ ಮೋಸ!' ಆರು ಚೀಟಿಗಳ ಕತೆಯನ್ನೆಲ್ಲ ಬರೆದಳು. ಯಾರಿಗೆ ಹಣ ಹೋಯಿತು, ಯಾತಕ್ಕೆ ಹೋಯಿತು ಎಂಬುದನ್ನೂ ಹೆಸರು ಸಮೇತ ಬರೆದಳು.

ಮರುದಿನ ತೆರೆದರೆ ಎರಡು ಕಾಮೆಂಟ್! ಬುಧವಾರ ಐದು. ಗುರುವಾರ ಒಂಬತ್ತು.

'ಶಭಾಷ್ ತಂಗಿ!' 'ಇಂಥವರನ್ನು ಬಿಡಬಾರದು.' 'ಪುಟ್ಟ ಪತ್ರಕರ್ತೆಗೆ ಜೈ.'

ಯಾರೋ ಗೊತ್ತಿಲ್ಲದವರು. ಆದರೂ ತನ್ನನ್ನು ಮಾತಾಡಿಸಿದಂತೆ ಅವಳಿಗನಿಸಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಒಂಬತ್ತನ್ನೂ ಬಾಯಿಪಾಠ ಹೇಳಿಕೊಂಡಳು.

ನಿಂಗರಾಜ ಮಾಮಾನ ಖುಷಿ ಕೇಳಬೇಡಿ. ಶುಕ್ರವಾರ ಕಾಮೆಂಟ್‌ಗಳ ಸಮೇತ ಪ್ರಿಂಟ್ ತೆಗೆದು ಕೆಫೆಯ ಗಾಜಿನ ಬಾಗಿಲಿಗೆ ಅಂಟಿಸಿಯೇಬಿಟ್ಟ. ಮೇಲೆ ಸ್ಕೆಚ್‌ಪೆನ್ನಿನಲ್ಲಿ 'ನಮ್ಮೂರಿನ ಸಣ್ಣ ಬ್ಲಾಗರ್' ಎಂದು ಬರೆದ. ಒಂಬತ್ತು ಕಾಮೆಂಟ್ ಎಣಿಸಿದನೇ ಹೊರತು ಒಳಗೇನಿದೆ ಎಂದು ಆ ಪುಣ್ಯಾತ್ಮ ಪೂರ್ತಿ ಓದಿರಲಿಲ್ಲ.

ಪಕ್ಕದಲ್ಲೇ ಖಾನಾವಳಿ. ಅಲ್ಲಿಗೆ ರೊಟ್ಟಿ ಕೊಡಲು ದಿನವೂ ಬರುವವರು ಸಿದ್ದಲಿಂಗವ್ವ ಕಾಕೂ.

ಸಂಜೆ ಮರೆವ್ವ ಟೀಚರ ಮನೆಯಲ್ಲಿ ಜನ ಕೂಡಿದ್ದರು. ಶಿವಾನಿ ಅವ್ವನ ಹಿಂದೆ ನಿಂತಿದ್ದಳು. ಕಾಕೂ ಕರ್ಚೀಫಿನಲ್ಲಿ ಕಟ್ಟಿದ್ದ ಆರು ಸಾವಿರವನ್ನು ಚಾಪೆಯ ಮೇಲೆ ಇಟ್ಟರು.

"ನಾ ಭಿಶಿ ಹಾಕಿದ್ದೆ ಟೀಚರ್. ಭಿಕ್ಷಾ ಬೇಡಿದ್ದಿಲ್ಲ."

"ಯಾರ ಭಿಕ್ಷಾ ಅಂದ್ರು ಸಿದ್ದಲಿಂಗವ್ವಾ? ಇವತ್ತ ನಿನಗ, ನಾಳೆ ನನಗ."

"ಹಂಗಿದ್ರ ನನ್ನ ಮುಂದ ಯಾಕ ಹೇಳಲಿಲ್ಲ? ದೇವರು ಕೊಟ್ಟ ಅಂತ ಕುಣದಾಡಿದೆ. ನೀವೆಲ್ಲಾ ನೋಡಿಕೋತ ಕುಂತಿದ್ರಿ."

ಕಾಕೂ ಹೊರಟರು. ಬಾಗಿಲಲ್ಲಿ ಶಿವಾನಿಯ ಪಕ್ಕದಲ್ಲೇ ಹಾದು ಹೋದರು, ಆದರೆ ಅವಳನ್ನು ನೋಡಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅನ್ನ ಬಡಿಸಿ ಎದುರು ಕೂತಳು.

"ಅವ್ವಾ, ನೀವೆಲ್ಲಾರೂ ಕೂಡಿ ಹಂಗ ಯಾಕ ಬರದ್ರಿ?"

"ಕೈಯಾಗ ಕೊಟ್ಟಿದ್ರ ಆಕಿ ತಗೋತಿದ್ಲೇನು?"

"ಇಲ್ಲ."

"ಅದಕ್ಕ." ಅವ್ವ ತಟ್ಟೆಯನ್ನು ಅವಳ ಕಡೆ ಸರಿಸಿದಳು. "ಸೋಮವಾರದ ಆಪರೇಷನ್ ಇನ್ನ ಆಗೂದಿಲ್ಲ. ಉಣ್ಣು, ಆರತೈತಿ."

ಶಿವಾನಿ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದಳು.

ಶನಿವಾರ ಶಾಲೆ ಬಿಟ್ಟವಳೇ ಕೆಫೆಗೆ ಹೋಗಿ ಬಾಗಿಲಿನ ಹಾಳೆಯನ್ನು ಕಿತ್ತಳು. ಮಾಮಾ ತಲೆ ಕೆಳಗೆ ಹಾಕಿದ. ಯಾರೋ ಅವನಿಗೂ ಚೆನ್ನಾಗಿ ಬಿಸಿ ಮುಟ್ಟಿಸಿದ್ದರು.

ಬ್ಲಾಗಿನಲ್ಲಿ ಹತ್ತನೆಯ ಕಾಮೆಂಟ್ ಬಂದಿತ್ತು. ಬರೆದವರು ರಾಮದುರ್ಗದ ಉಮಾಶ್ರೀ. ಬಿ.ಕಾಂ. ಓದುವ ಹುಡುಗಿ. ನೇಕಾರರ ಮನೆಯಲ್ಲಿ ವಾರದ ಪಗಾರ ಹೇಗೆ ಖರ್ಚಾಗುತ್ತದೆ ಎಂದು ತನ್ನದೊಂದು ಬ್ಲಾಗಿನಲ್ಲಿ ಬರೆಯುತ್ತಿದ್ದಳು.

'ತಂಗಿ, ನಮ್ಮ ಓಣಿಯಲ್ಲೂ ಭಿಶಿ ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮಗ್ಗ ಮುರಿದು ಎರಡು ತಿಂಗಳು ಕೆಲಸ ಇರಲಿಲ್ಲ. ಸರಿಯಾಗಿ ಅದೇ ತಿಂಗಳು ಅವ್ವನ ಹೆಸರು ಬಂತು. ನಮ್ಮ ಅದೃಷ್ಟ ಅಂತ ಇಲ್ಲಿಯತನಕ ತಿಳಿದಿದ್ದೆ. ನಿನ್ನ ಬರಹ ಓದಿ ನಿನ್ನೆ ಅಳು ಬಂತು. ಆ ಕಾಕೂನ ಹೆಸರು ಮಾತ್ರ ತೆಗೆದುಬಿಡು.'

ಶಿವಾನಿ ಎರಡು ಸಲ ಓದಿದಳು. ಹೆಸರು ತೆಗೆದರೆ ಸಾಲದು ಅನಿಸಿತು. ಪೂರ್ತಿ ಅಳಿಸಬೇಕಿತ್ತು. ಅಳಿಸಿದರೆ ಆ ಒಂಬತ್ತು ಕಾಮೆಂಟ್‌ಗಳೂ ಹೋಗುತ್ತವೆ, ಹತ್ತನೆಯದೂ ಹೋಗುತ್ತದೆ. ಮತ್ತೆ ಸೊನ್ನೆ. ಮೌಸ್ ಹಿಡಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ಆಮೇಲೆ ಉಮಾಶ್ರೀ ಅಕ್ಕನ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಡಿಲೀಟ್ ಒತ್ತಿದಳು.

ಅಲ್ಲಿಂದ ನೇರ ಕಾಕೂನ ಮನೆಗೆ ಹೋದಳು. ಕಾಕೂ ಒಲೆಯ ಮುಂದಿದ್ದರು. ಕಾಕಾ ಮಷೀನಿನ ಮುಂದೆ ಸುಮ್ಮನೆ ಕೂತಿದ್ದರು.

"ಯಾರು?" ಎಂದರು ಕಾಕಾ.

"ನಾನ್ರಿ, ಶಿವಾನಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಶಿವಾನಿಗೆ ಹೇಳಬೇಕಾದದ್ದೆಲ್ಲ ಮರೆತುಹೋಯಿತು. ಉಳಿದದ್ದು ನಿಜ ಮಾತ್ರ.

"ಕಾಕೂ, ಭಿಶಿ ಬಂದ್ರ ನನಗ ಸೈಕಲ್ ಕೊಡಸ್ತೇನಿ ಅಂದಿದ್ಲ್ರಿ ಅವ್ವ. ಚೀಟ್ಯಾಗ ಅವ್ವನ ಹೆಸರ ಇರಲಿಲ್ಲ. ಅದಕ್ಕ ಸಿಟ್ಟ ಬಂತು. ಮತ್ತ ನನ್ನ ಬ್ಲಾಗ್ ಯಾರೂ ಓದತಿದ್ದಿಲ್ಲ. ತಪ್ಪಾತ್ರಿ."

ಹೇಳುತ್ತಲೇ ಅವಳಿಗೆ ಅಳು ಬಂದುಬಿಟ್ಟಿತು. ಕಾಕೂ ಅವಳ ಕಡೆ ತಿರುಗಿದರು.

"ಅಂದ್ರ ನಿನ್ನ ಸೈಕಲ್ಲಿನ ರೊಕ್ಕ ಅದು?"

"ಹೂನ್ರಿ. ಟೀಚರ್ ಮಾಳಿಗಿ ಸೋರತೈತಿ. ಅವರೂ ತಮ್ಮ ಹೆಸರ ಬರಕೊಂಡಿದ್ದಿಲ್ಲ."

ಕಾಕೂ ಹೆಂಚಿನ ಮೇಲೆ ಕರಕಾಗುತ್ತಿದ್ದ ರೊಟ್ಟಿಯನ್ನು ತೆಗೆದರು. ಕೈ ಝಾಡಿಸಿ ಎದ್ದರು.

"ನಡಿ ಟೀಚರ್ ಮನಿಗೆ. ರೊಕ್ಕ ತಗೋತೇನಿ. ಆದ್ರ ಉಳದ ಆರೂ ತಿಂಗಳು ಭಿಶಿ ದಿನದ ಊಟ ನಂದು. ಹನ್ನೆರಡೂ ಮನಿ ಮಂದಿಗೆ. ಒಪ್ಪಿದ್ರ ಹೂಂ ಅನ್ನಲಿ, ಇಲ್ಲಂದ್ರ ರೊಕ್ಕಾನೂ ಬ್ಯಾಡ ಅಂತೇನಿ."

ಹೊರಡುವಾಗ ಕಾಕಾ ಸೂಜಿ ಹಿಡಿದು ಕೈ ಚಾಚಿದರು. "ಬಂದಿ ಅಂದಮ್ಯಾಲೆ ಇದನ್ನೊಂದ ಪೋಣಿಸಿ ಹೋಗವಾ."

ಎಲ್ಲರೂ ಒಪ್ಪಿದರು. ಸೋಮವಾರದ ಮೊದಲ ಬಸ್ಸಿಗೆ ಕಾಕಾ, ಕಾಕೂ ಹುಬ್ಬಳ್ಳಿಗೆ ಹೋದರು. ಆಪರೇಷನ್ ಚೆನ್ನಾಗಿ ಆಯಿತು. ಆದರೆ ಎಲ್ಲವೂ ಮೊದಲಿನಂತೆ ಆಗಿಬಿಟ್ಟಿತು ಎಂದರೆ ಸುಳ್ಳಾದೀತು. ಕಾಕೂ ಸಂಜೆ ರೊಟ್ಟಿ ಕೊಡುತ್ತಿದ್ದರು, ಹರಟೆ ಹೊಡೆಯುತ್ತಿರಲಿಲ್ಲ. ಮುಂದಿನ ಭಿಶಿಗೆ ಚೀಟಿ ಎತ್ತಿದವನು ಒಂದನೇ ಕ್ಲಾಸಿನ ಆಕಾಶ. ಶಿವಾನಿ ಗೋಡೆಗೆ ಒರಗಿ ಕೂತು ನೋಡಿದಳು. ಎಲ್ಲರೂ ಅಲ್ಲೇ ಇದ್ದರೂ ಅವಳೊಬ್ಬಳೇ ಇದ್ದ ಹಾಗಿತ್ತು.

ಬ್ಲಾಗಿನಲ್ಲಿ ಅವಳು ಮತ್ತೆ ಡಬ್ಬಿಗಳ ಬಗ್ಗೆಯೇ ಬರೆದಳು. ಮತ್ತೆ ಸೊನ್ನೆ.

ಒಂದು ದಿನ ಉಮಾಶ್ರೀ ಅಕ್ಕನ ಮೇಲ್ ಬಂತು. ಮಾಮಾ ಜೋರಾಗಿ ಓದಿದ. ಈಗೀಗ ಅವನು ಎಲ್ಲವನ್ನೂ ಕೊನೆಯವರೆಗೆ ಓದುತ್ತಾನೆ.

'ರೊಕ್ಕದ ಬಗ್ಗೆ ಕನ್ನಡದಲ್ಲಿ ಬರೆಯುವವರು ಏಳು ಜನ ಸಿಕ್ಕಿದ್ದೇವೆ. ಸವದತ್ತಿಯ ನಿಜಗುಣಪ್ಪ ಮಾಸ್ತರರು ಪಿಂಚಣಿ ಬಗ್ಗೆ ಬರೆಯುತ್ತಾರೆ, ಮುನವಳ್ಳಿಯ ಒಬ್ಬರು ಕಿರಾಣಿ ಅಂಗಡಿ ಬಗ್ಗೆ. ಯಾರದನ್ನೂ ಯಾರೂ ಓದುತ್ತಿಲ್ಲ. ಅದಕ್ಕೆ ನಾವೂ ಒಂದು ಭಿಶಿ ಮಾಡೋಣ. ರೊಕ್ಕದ್ದಲ್ಲ, ಕಾಮೆಂಟಿನದು. ವಾರಕ್ಕೊಂದು ಚೀಟಿ. ಯಾರ ಹೆಸರು ಬಂತೋ ಅವರ ಬ್ಲಾಗಿಗೆ ಉಳಿದ ಆರೂ ಜನ ಹೋಗಿ ಓದಿ ಬರೆಯಬೇಕು. ಚೀಟಿ ನಾನು ಎತ್ತುತ್ತೇನೆ.'

ಮುಂದಿನ ಸೋಮವಾರ ಶಿವಾನಿ ಬ್ಲಾಗ್ ತೆರೆದಳು. ಜೀರಿಗೆ ಡಬ್ಬಿಯ ಬರಹದ ಕೆಳಗೆ ಆರು ಕಾಮೆಂಟ್.

ಮಾಸ್ತರರು ಬರೆದಿದ್ದರು: 'ನಮ್ಮ ಮನೆಯಲ್ಲೂ ಲೈಟ್ ಬಿಲ್ಲಿನ ನೋಟು ಜೀರಿಗೆ ವಾಸನೆ ಹೊಡೆಯುತ್ತಿತ್ತಮ್ಮಾ. ಬಿಲ್ ಕಟ್ಟಿಸಿಕೊಳ್ಳುವವನು ಸೀನುತ್ತಿದ್ದ.' ಮುನವಳ್ಳಿಯವರು ಕೇಳಿದ್ದರು: 'ಡಬ್ಬಿಗೆ ಇರುವೆ ಬರೋದಿಲ್ಲೇನು?' ಎಲ್ಲರೂ ಏನಾದರೊಂದು ಕೇಳಿದ್ದರು. ಶಿವಾನಿ ನಕ್ಕಳು. ಎಷ್ಟು ದಿನಗಳಾಗಿದ್ದವೋ ಹಾಗೆ ನಕ್ಕು.

"ಏ, ಏಳು ಮಂದ್ಯಾಗ ಮೊದಲನೇ ವಾರಾನ ನಿನ್ನ ಹೆಸರು!" ಎಂದ ಮಾಮಾ. "ಲಕ್ ಅಂದ್ರ ಇದು ನೋಡು."

ಶಿವಾನಿಯ ನಗು ನಿಂತಿತು. ಪರದೆಯನ್ನೇ ನೋಡುತ್ತ ಕೂತಳು. ಆಮೇಲೆ ನಿಧಾನವಾಗಿ ಟೈಪ್ ಮಾಡತೊಡಗಿದಳು.

'ಅಕ್ಕಾ, ಉಳಿದ ಆರು ಚೀಟಿಗಳಲ್ಲೂ ನನ್ನ ಹೆಸರೇ'

ಅಲ್ಲಿಗೆ ನಿಲ್ಲಿಸಿದಳು. ಒಂದೊಂದೇ ಅಕ್ಷರ ಅಳಿಸುತ್ತ ಹಿಂದೆ ಬಂದಳು. ಹಾಳೆ ಖಾಲಿಯಾದ ಮೇಲೆ ಹೊಸದಾಗಿ ಬರೆದಳು.

'ಅಕ್ಕಾ, ನನ್ನ ಹೆಸರು ಬಂದದ್ದಕ್ಕೆ ಭಾಳ ಖುಷಿಯಾಯಿತು. ಮುಂದಿನ ವಾರ ಯಾರದು ಹೇಳು. ಎಲ್ಲರಿಗಿಂತ ಮೊದಲು ನಾನೇ ಹೋಗಿ ಓದುತ್ತೇನೆ.'