‘ನೀ’ ಹೋಗಿ ‘ನೀವು’ ಬಂದಾಗ

"ದೇರ್ ವಾಸ್ ಎ ಸ್ಮಾಲ್... ಇಸ್‌ಲ್ಯಾಂಡ್..."

ಆ ಪದ ನೇತ್ರಾಳ ಬಾಯಿಂದ ಹೊರಬಿದ್ದದ್ದೇ ತಡ, ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು!

ಅವಳ ಮುಖ ಕಿವಿಯ ತನಕ ಬಿಸಿಯೇರಿತು. ತಿರುಗಿ ನೋಡಿದಳು. ಗ್ರೀಸಿನ ಕಲೆಯಾದ ನೀಲಿ ಅಂಗಿ, ಕೆದರಿದ ಕೂದಲು... ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ ಒಬ್ಬ ತರುಣ.

"ಐಲ್ಯಾಂಡ್, ನೇತ್ರಾ. ಅಲ್ಲಿ ಎಸ್ ಸುಮ್ಮನೆ ಕೂತಿರುತ್ತದೆ, ಅಷ್ಟೇ," ಎಂದು ಶಿಕ್ಷಕಿ ಮಿಸೆಸ್ ಹಾರ್ಪರ್ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಆಮೇಲೆ ಆ ತರುಣನ ಕಡೆ ತಿರುಗಿದರು. "ಅಮರ್, ಬೋರ್ಡಿನ ಮೇಲಿನ ವಾಕ್ಯ ಪ್ಯಾಸಿವ್ ವಾಯ್ಸ್‌ನಲ್ಲಿದೆ. ಆಕ್ಟಿವ್‌ಗೆ ಬದಲಿಸು, ನೋಡೋಣ."

ಅವನ ನಗು ಅಲ್ಲೇ ನಿಂತಿತು. ಆಕ್ಟಿವ್ ಯಾವುದು, ಪ್ಯಾಸಿವ್ ಯಾವುದು... ಅವನಿಗೆ ತಲೆಬುಡ ತಿಳಿಯಲಿಲ್ಲ.

ನೇತ್ರಾ ಎದ್ದು ನಿಂತಳು. "ಎ ಸ್ಟ್ರೇಂಜರ್ ಓಪನ್ಡ್ ದ ಡೋರ್!" ಎಂದು ಒಂದೇ ಉಸಿರಿಗೆ ಹೇಳಿ ಕೂತಳು. ಕೂರುವಾಗ ಗೊಣಗಿದಳು, "ಹಲ್ಲು ಕಿಸಿಯೋದಷ್ಟ ಗೊತ್ತೈತಿ ಹುಚ್ಚಮೂಳಗ!"

ಬಿಡುವಿನಲ್ಲಿ ಆ ಹುಚ್ಚಮೂಳ ಎರಡು ಕಪ್ ಚಹಾ ಹಿಡಿದು ಅವಳೆದುರು ಬಂದು ನಿಂತ.

"ನಮ್ಮವ್ವನೂ ನನಗ ಹಂಗ ಬೈತಿದ್ದಳು," ಎಂದ. ಕನ್ನಡದಲ್ಲಿ! "ನಂದ ತಪ್ಪು. ನೀ ಸಿಟ್ಟಾಗಬ್ಯಾಡ."

ನೇತ್ರಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು!

ಅದು ಎರಡು ಸಾವಿರದ ಮೂರರ ಸೆಪ್ಟೆಂಬರ್. ಲಂಡನ್ನಿನ ಹೌನ್ಸ್ಲೋದ ಆ ಸಂಜೆ ತರಗತಿಗೆ ಬರುತ್ತಿದ್ದವರೆಲ್ಲ ಜಿಸಿಎಸ್ಇ ಇಂಗ್ಲಿಷ್ ಕಟ್ಟುವ ದೊಡ್ಡವರು. ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ ಅದು. ನೇತ್ರಾ ಐದು ವರ್ಷದ ಹಿಂದೆ ಅಪ್ಪ ದಾನಪ್ಪನ ಜೊತೆ ನವಲಗುಂದದಿಂದ ಬಂದವಳು. ಹಗಲು ವೃದ್ಧಾಶ್ರಮವೊಂದರಲ್ಲಿ ಕೆಲಸ. ನರ್ಸಿಂಗ್ ಸೇರಬೇಕೆಂದರೆ ಇಂಗ್ಲಿಷಿನಲ್ಲಿ ಸಿ ಗ್ರೇಡ್ ಬೇಕೇ ಬೇಕು. ಹಿಂದಿನ ವರ್ಷ ಡಿ ಬಂದಿತ್ತು.

ಅಮರ ಮೂರು ವರ್ಷದ ಮಗುವಾಗಿದ್ದಾಗ ಬೈಲಹೊಂಗಲದಿಂದ ಬಂದವನು. ಹನ್ನೆರಡನೇ ವಯಸ್ಸಿಗೆ ತಾಯಿಯನ್ನು, ಹದಿನಾರಕ್ಕೆ ಶಾಲೆಯನ್ನು ಕಳೆದುಕೊಂಡವನು. ಈಗ ಲಿಫ್ಟ್ ರಿಪೇರಿ ಅವನ ಕೆಲಸ. ಎಂಜಿನಿಯರಿಂಗ್ ಕೋರ್ಸಿಗೆ ಅವನಿಗೂ ಅದೇ ಸಿ ಬೇಕಿತ್ತು.

ಒಬ್ಬಳಿಗೆ ವ್ಯಾಕರಣವೆಲ್ಲ ಬಾಯಿಪಾಠ, ಮಾತು ಬಾರದು. ಇನ್ನೊಬ್ಬನಿಗೆ ಮಾತು ನೀರು ಕುಡಿದಷ್ಟು ಸಲೀಸು, ಬರೆದರೆ ಸಾಲಿಗೊಂದು ತಪ್ಪು!

"ನೀ ನನಗ ಗ್ರಾಮರ್ ಕಲಸು. ನಾ ನಿನಗ ಓದಾಕ, ಮಾತಾಡಾಕ ಕಲಸ್ತೀನಿ," ಎಂದ ಅಮರ.

ಹಾಗೆ ಶುರುವಾದದ್ದು ಲೈಬ್ರರಿಯ ಶನಿವಾರಗಳು. ಅವನು ಒಂದು ಪ್ಯಾರಾ ಓದುವುದು, ಅವಳು ಹಿಂದೆಯೇ ಓದುವುದು. ಅವಳು ಅಲ್ಪವಿರಾಮ ಹಾಕಿಸುವುದು, ಅವನು ತಲೆ ಕೆರೆದುಕೊಳ್ಳುವುದು...

ಅವ್ವ ಹೋದಮೇಲೆ ಅವನ ಕನ್ನಡ ಹನ್ನೆರಡು ವರ್ಷದ ಹುಡುಗನ ಕನ್ನಡವಾಗಿಯೇ ಉಳಿದಿತ್ತು. ‘ನೀವು’ ಎಂಬುದೇ ಅದರಲ್ಲಿರಲಿಲ್ಲ. ಎಲ್ಲರೂ ‘ನೀ’. ಒಮ್ಮೆ ಅವಳ ಮನೆಗೆ ಫೋನು ಮಾಡಿದಾಗ ದಾನಪ್ಪ ಎತ್ತಿಕೊಂಡಿದ್ದರು. "ನೀ ಯಾರು? ನೇತ್ರಾನ್ನ ಕರಿ," ಎಂದುಬಿಟ್ಟಿದ್ದ!

"ಅಪ್ಪ ಏನಂದ ಗೊತ್ತೇನು? ದೊಡ್ಡವರ ಕೂಡ ಹೆಂಗ ಮಾತಾಡಬೇಕಂತ ತಿಳೀಲಾರದ ಹುಡುಗ ಅಂದ!" ಎಂದು ನೇತ್ರಾ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು.

ಅಮರ ನಗಲಿಲ್ಲ. ಅದನ್ನು ಅವಳು ಗಮನಿಸಲಿಲ್ಲ.

ಅವಳಿಗೆ ಅವನ ಆ ‘ನೀ’ ಎಷ್ಟು ಇಷ್ಟವಾಗಿತ್ತೆಂದರೆ, ವಾರವಿಡೀ ಅದಕ್ಕಾಗಿ ಕಾಯುತ್ತಿದ್ದಳು. ಆದರೂ ಒಂದು ಉರಿ ಇತ್ತು. ಬೇರೆಯವರ ಜೊತೆ ಇಂಗ್ಲಿಷಿನಲ್ಲಿ ಅವನು ಬೇರೆಯೇ ಮನುಷ್ಯ! ಎಷ್ಟು ಚುರುಕು, ಎಷ್ಟು ತಮಾಷೆ! ‘ಆ ಅಮರ ನನಗೆಂದೂ ಸಿಗುವುದಿಲ್ಲವೇನೋ...’ ಎಂದು ಒಂದು ಭಾಷೆಯ ಮೇಲೆಯೇ ಅವಳು ಅಸೂಯೆಪಡುತ್ತಿದ್ದಳು.

ಫೆಬ್ರುವರಿಯ ಒಂದು ಶನಿವಾರ ಅಮರ ಲೈಬ್ರರಿಗೆ ತಡವಾಗಿ ಬಂದ.

"ಹಾಯ್ ನೇತ್ರಾ! ನೀವು ಹೇಗಿದೀರಾ? ಸಾರಿ, ಲೇಟಾಗೋಯ್ತು. ಬೇಜಾರ್ ಮಾಡ್ಕೋಬೇಡಿ!"

ನೇತ್ರಾಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ‘ಹೇಗಿದೀರಾ’? ಹೋದ ವಾರದ ತನಕ ‘ಹೆಂಗದಿ’ ಎನ್ನುತ್ತಿದ್ದವನು! ಲೇಟಾಗೋಯ್ತಂತೆ... ಬೇಜಾರಂತೆ...

ಗಂಡಸಿನ ಅಂಗಿಯಲ್ಲಿ ಬೇರೆ ಹೆಣ್ಣಿನ ಪರಿಮಳ ಹುಡುಕುವ ಹೆಂಗಸರ ಕಥೆಗಳನ್ನು ಅವಳು ಕೇಳಿದ್ದಳು. ಅವಳಿಗೆ ಸುಳಿವು ಸಿಕ್ಕಿದ್ದು ಕಿವಿಯಲ್ಲಿ!

"ಈ ಬೆಂಗಳೂರು ಮಾತು ಎಲ್ಲಿ ಕಲತಿ?"

"ಹಿಂಗ... ಫ್ರೆಂಡ್ ಒಬ್ಬರು," ಎಂದು ಅವನು ಕಣ್ಣು ತಪ್ಪಿಸಿದ.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ‘ನೀವು’. ಹತ್ತಿರ ಕೂತವನು ಕುರ್ಚಿ ಎಳೆದುಕೊಂಡು ದೂರ ಸರಿದಂತೆ...

ಕ್ರೋಯ್ಡನ್ನಿನ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡಿಗರ ಯುಗಾದಿ. ಹೋಳಿಗೆಯ ಸಾಲಿನಲ್ಲಿ ನೇತ್ರಾಳಿಗೆ ಅವನ ದನಿ ಕೇಳಿಸಿತು. ಜೊತೆಗೊಂದು ಹೆಣ್ಣಿನ ದನಿ.

"ಹಾಗಲ್ಲ ಅಮರ್! ‘ಬರ್ತೀರಾ’ ಅನ್ಬೇಕು. ದೊಡ್ಡೋರಿಗೆ ‘ಬರ್ತಿ’ ಅಂದ್ರೆ ಹೊಡೀತಾರೆ!"

ಇಬ್ಬರೂ ನಕ್ಕರು. ಭುಜದವರೆಗೆ ಕತ್ತರಿಸಿದ ಕೂದಲು, ಹತ್ತಿ ಸೀರೆ, ಬರಿಗೊರಳು. ನೋಡಿದೊಡನೆ ಓದಿದವಳು, ಗಳಿಸುವವಳು ಅಂತ ಗೊತ್ತಾಗುವ ಠೀವಿ.

"ನೇತ್ರಾ, ಇವರು ಪ್ರತೀಕ್ಷಾ," ಎಂದ ಅಮರ. "ಕ್ಯಾನರಿ ವಾರ್ಫಿನಾಗ ಬ್ಯಾಂಕ್ ಕೆಲಸ. ಕೆಟ್ಟ ಲಿಫ್ಟಿನಾಗ ಸಿಕ್ಕಿಬಿದ್ದಿದ್ದರು, ಒಳಗಿಂದ ಫೋನಿನಾಗ ಅವ್ವನ ಕೂಡ ಕನ್ನಡ ಮಾತಾಡಾಕತ್ತಿದ್ದರು. ನಾ ಹೊರಗ ರಿಪೇರಿ ಮಾಡಾಕತ್ತಿದ್ದೆ."

"ಓ, ನೇತ್ರಾ ನೀವೇನಾ!" ಎಂದಳು ಪ್ರತೀಕ್ಷಾ, ಅಡಿಯಿಂದ ಮುಡಿಯವರೆಗೆ ನೋಡುತ್ತ. ಆಮೇಲೆ ಅಮರನ ಕಡೆ ತಿರುಗಿ ಸರಸರನೆ ಇಂಗ್ಲಿಷಿನಲ್ಲಿ ಏನೋ ಅಂದಳು. ನೇತ್ರಾಳಿಗೆ ಅರ್ಧವಷ್ಟೇ ಅರ್ಥವಾಯಿತು. ಅಮರನ ಮುಖ ಮಾತ್ರ ಕೆಂಪಾಗಿತ್ತು!

ಆಮೇಲೆ ಬಾಯಿಗಿಟ್ಟ ಹೋಳಿಗೆ ಬೇವಾಯಿತು.

‘ಅವಳಿಗೆ ಎರಡೂ ಭಾಷೆ ಬರುತ್ತದೆ. ಅವನ ಎರಡೂ ಮುಖ ಅವಳಿಗೆ ಸಿಕ್ಕವು. ನನಗೆ ಉಳಿದದ್ದೇನು? ಅಲ್ಪವಿರಾಮ, ಪೂರ್ಣವಿರಾಮ!’

ಮುಂದಿನ ಶನಿವಾರ ಅಮರ ಅಪಾಸ್ಟ್ರಫಿಯ ಗೊಂದಲ ಹೊತ್ತು ತಂದ. ಬಾಯಲ್ಲಿ ಎರಡೂ ‘ಇಟ್ಸ್’, ಬರೆಯುವಾಗ ಬೇರೆ ಬೇರೆ. "ಆ ಮ್ಯಾಲಿನ ಚುಕ್ಕಿ ಯಾವಾಗ ಹಾಕಬೇಕು ನೇತ್ರಾ? ‘ಅದರದು’ ಅನ್ನೂವಾಗೋ, ‘ಅದು ಐತಿ’ ಅನ್ನೂವಾಗೋ? ನಿನ್ನೆ ಪ್ರತೀಕ್ಷಾ ಅವರ ಮನ್ಯಾಗ..."

ಅಷ್ಟು ಸಾಕಾಯಿತು. ಮನೆಯ ತನಕ ಹೋಗಿದ್ದಾನೆ!

"‘ಅದರದು’ ಅನ್ನೂವಾಗ ಹಾಕಬೇಕು. ‘ಅದು ಐತಿ’ ಅನ್ನೂವಾಗ ಬ್ಯಾಡ," ಎಂದಳು ನೇತ್ರಾ.

ತದ್ವಿರುದ್ಧ! ನಾಲಿಗೆ ಅದನ್ನು ಎಷ್ಟು ಸಲೀಸಾಗಿ ಆಡಿತೆಂದರೆ ಅವಳಿಗೇ ಭಯವಾಯಿತು. ತಿದ್ದಬೇಕೆಂದು ಬಾಯಿ ತೆರೆದಳು... ಅವನು ಆಗಲೇ ತಲೆಯಾಡಿಸಿ ಉತ್ಸಾಹದಿಂದ ಬರೆಯುತ್ತಿದ್ದ. ತೆರೆದ ಬಾಯಿ ಮುಚ್ಚಿದಳು.

ಹತ್ತು ದಿನಕ್ಕೆ ಅದು ತಿರುಗಿ ಬಂತು. ಅಭ್ಯಾಸ ಪರೀಕ್ಷೆಯ ಉತ್ತರಪತ್ರಿಕೆ ಹಂಚುತ್ತ ಮಿಸೆಸ್ ಹಾರ್ಪರ್ ಅವನ ಹಾಳೆ ಎತ್ತಿ ಹಿಡಿದರು. ಕೆಂಪೋ ಕೆಂಪು!

"ಒಂದಲ್ಲ, ಎಲ್ಲ ಕಡೆಯೂ ತಿರುವುಮುರುವು! ಇದನ್ನು ನಿನಗೆ ಯಾರು ಹೇಳಿಕೊಟ್ಟರು, ಅಮರ್?"

ಅಮರ ನಿಧಾನವಾಗಿ ನೇತ್ರಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯೇ ಎಲ್ಲವನ್ನೂ ಹೇಳಿತು. ವ್ಯಾಕರಣದಲ್ಲಿ ಎಂದೂ ತಪ್ಪದವಳು ಇದೊಂದು ಕಡೆ ತಪ್ಪಿದ್ದು ಬೇಕೆಂದೇ...

"ಯಾರೂ ಇಲ್ಲ ಮಿಸ್. ನಾನೇ ತಪ್ಪು ತಿಳಿದುಕೊಂಡಿದ್ದೆ," ಎಂದ ಅವನು ಇಂಗ್ಲಿಷಿನಲ್ಲಿ.

ತರಗತಿ ಮುಗಿದಾಗ ಅವನು ಅವಳಿಗಾಗಿ ಕಾಯಲಿಲ್ಲ. ಮುಂದಿನ ವಾರದಿಂದ ಗುರುವಾರದ ಗುಂಪಿಗೆ ಬದಲಾಯಿಸಿಕೊಂಡ. ಶನಿವಾರ ಲೈಬ್ರರಿಯಲ್ಲಿ ಎದುರಿನ ಕುರ್ಚಿ ಖಾಲಿ. ಫೋನು ಮಾಡಿದರೆ ರಿಂಗಾಗಿ ನಿಲ್ಲುತ್ತಿತ್ತು.

‘ಬೈದಿದ್ದರೂ ತಡೆಯುತ್ತಿದ್ದೆ. ನನ್ನನ್ನು ಕಾಪಾಡಿ ಹೋದನಲ್ಲ!’ ವೃದ್ಧಾಶ್ರಮದ ಅಜ್ಜಿಯರಿಗೆ ಊಟ ಮಾಡಿಸುವಾಗಲೂ ಅವಳ ಕಣ್ಣು ತುಂಬಿಕೊಳ್ಳುತ್ತಿತ್ತು. ಅಸೂಯೆಯಾದರೂ ಕಡಿಮೆಯಾಯಿತೇ? ಇಲ್ಲ! ಈಗ ಅವನಿಗೆ ಅಪಾಸ್ಟ್ರಫಿ ತಿದ್ದುತ್ತಿರುವವಳು ಪ್ರತೀಕ್ಷಾಳೇ ಇರಬೇಕು ಎಂದು ಮತ್ತಷ್ಟು ಉರಿದಳು.

ಜೂನ್. ಪರೀಕ್ಷೆ ಮುಗಿಸಿ ಹೊರಬಂದ ಗುಂಪಿನಲ್ಲಿ ಅವನ ನೀಲಿ ಅಂಗಿ ಕಾಣಿಸಿತು. ಬಸ್ ಸ್ಟಾಪಿನತ್ತ ದಾಪುಗಾಲು ಹಾಕುತ್ತಿದ್ದ. ನೇತ್ರಾ ಓಡಿದಳು. ಅದು ಅವಳ ಮನೆಯ ಕಡೆ ಹೋಗುವ ಬಸ್ಸೂ ಅಲ್ಲ. ಹತ್ತಿಬಿಟ್ಟಳು! ಮೇಲಿನ ಅಂತಸ್ತಿನ ಮುಂದಿನ ಸೀಟಿನಲ್ಲಿ, ಅವನ ಪಕ್ಕದಲ್ಲೇ ಕೂತಳು.

"ಯಾಕ ಹಂಗ ಮಾಡಿದಿ ಅಂತ ಕೇಳಾಂಗಿಲ್ಲೇನು?" ಏದುಸಿರಿನಲ್ಲಿ ಕೇಳಿದಳು.

ಅವನು ಕಿಟಕಿಯ ಕಡೆ ನೋಡುತ್ತ ಇಂಗ್ಲಿಷಿನಲ್ಲೇ ಅಂದ, "ಕೇಳೋದೇನಿದೆ? ನಾನು ಪಾಸಾಗೋದು ನಿನಗೆ ಬೇಕಿರಲಿಲ್ಲ. ಲಿಫ್ಟ್ ರಿಪೇರಿಯವನು ಲಿಫ್ಟ್ ರಿಪೇರಿಯವನಾಗೇ ಇರಲಿ ಅಂತ."

"ಅಲ್ಲ! ಹೊಟ್ಟಿಕಿಚ್ಚು, ಅಮರ! ಹೊಟ್ಟಿಕಿಚ್ಚಿಗೆ ಹಂಗ ಮಾಡಿದೆ!"

ಅವನು ಗಾಬರಿಯಿಂದ ತಿರುಗಿದ. "ಹೊಟ್ಟಿ... ಏನಾತು? ಹೊಟ್ಟಿ ನೋವೇನು?"

ಅಯ್ಯೋ! ಆ ಪದ ಅವನಿಗೆ ಗೊತ್ತಿಲ್ಲ! ಹನ್ನೆರಡು ವರ್ಷದ ಹುಡುಗನಿಗೆ ಯಾರು ಹೇಳಿಕೊಟ್ಟಿರುತ್ತಾರೆ ಅದನ್ನು?

ನೇತ್ರಾ ಕಣ್ಣು ಮುಚ್ಚಿದಳು. ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಯಾವಾಗಲೂ ಹೆದರುತ್ತಿದ್ದವಳು, ತುಂಬಿದ ಬಸ್ಸಿನಲ್ಲಿ, ಒಂದು ವಾಕ್ಯವನ್ನೂ ಮನಸ್ಸಿನಲ್ಲಿ ಕಟ್ಟಿಕೊಳ್ಳದೆ ಮಾತಾಡತೊಡಗಿದಳು.

"ಐ ವಾಸ್ ಜೆಲಸ್!"

ಹಿಂದಿನ ಸೀಟಿನ ಮುದುಕಿ ಪತ್ರಿಕೆ ಕೆಳಗಿಳಿಸಿದಳು. ನೇತ್ರಾ ನಿಲ್ಲಿಸಲಿಲ್ಲ. ಪ್ರತೀಕ್ಷಾಳ ನಗುವಿನ ಮೇಲೆ ಹೊಟ್ಟೆಕಿಚ್ಚು ಬಂತು ಎಂದಳು. ನಿನ್ನ ಬಾಯಲ್ಲಿ ಅವಳ ಮಾತು ಕೇಳಿ ನಿದ್ದೆ ಹೋಗಲಿಲ್ಲ ಎಂದಳು. ನೀನು ಅವಳ ಮನೆಗೆ ಹೋದೆಯೆಂಬ ಉರಿಗೆ ನಿನಗೆ ತಪ್ಪು ಕಲಿಸಿದೆ, ನಾನು ಕೆಟ್ಟವಳು, ಆದರೂ ನೀನಿಲ್ಲದ ಶನಿವಾರ ನನ್ನಿಂದ ಕಳೆಯಲಾಗುತ್ತಿಲ್ಲ ಎಂದಳು. ಕ್ರಿಯಾಪದಗಳು ಕಾಲ ತಪ್ಪಿದವು. ಒಂದನ್ನೂ ತಿದ್ದಿಕೊಳ್ಳಲಿಲ್ಲ.



"ಪ್ರತೀಕ್ಷಾಗ ಲಗ್ನ ಆಗೇತಿ," ಎಂದ ಅಮರ. "ಅವರ ಗಂಡ ಮಧುಸೂದನ್ ಯುಗಾದಿ ಹೊತ್ತಿನಾಗ ಊರಿಗೆ ಹೋಗಿದ್ದರು. ಈಗ ಇಬ್ಬರೂ ಸೇರಿ ನನಗ ಕಲಸಾಕತ್ತಾರ."

"ಏನು... ಇಂಗ್ಲಿಷ್?"

"ಇಂಗ್ಲಿಷ್ ಯಾಕ? ಕನ್ನಡ!" ಅವನ ದನಿ ತಗ್ಗಿತು. "ನಿಮ್ಮಪ್ಪಗ ನಾ ‘ನೀ ಯಾರು’ ಅಂದಿದ್ದೆ. ಹಂಗ ಮಾತಾಡಿದರ ಅವರು ನಿನ್ನ ನನಗ ಕೊಡ್ತಾರೇನು? ದೊಡ್ಡವರ ಕೂಡ ಮಾತಾಡೋದು ಕಲೀಬೇಕಿತ್ತು. ನಿನ್ನ ಕೇಳಿದರ ನಿನಗ ಗೊತ್ತಾಗತಿತ್ತು..."

"ಏನ್ ಗೊತ್ತಾಗತಿತ್ತು?"

"ನಾ ನಿನ್ನ..." ಅವನಿಗೆ ಮುಂದಿನ ಪದ ಸಿಗಲಿಲ್ಲ. ಕನ್ನಡದಲ್ಲೂ, ಇಂಗ್ಲಿಷಿನಲ್ಲೂ. ಅವಳ ಕೈ ಹಿಡಿದುಕೊಂಡ.

ಬಸ್ಸು ಕೊನೆಯ ಸ್ಟಾಪ್ ಮುಟ್ಟಿದರೂ ಇಬ್ಬರೂ ಏಳಲಿಲ್ಲ. ಡ್ರೈವರ್ ಮೇಲೆ ಬಂದು ಇಳಿಸಬೇಕಾಯಿತು!

ಆಗಸ್ಟಿನಲ್ಲಿ ಫಲಿತಾಂಶ ಬಂತು. ನೇತ್ರಾಳಿಗೆ ಬಿ. ಅಮರನಿಗೆ ಸಿ, ಸ್ವಲ್ಪದರಲ್ಲಿ ಪಾರು! ಪ್ರತೀಕ್ಷಾ ಫೋನು ಮಾಡಿ ಇಬ್ಬರನ್ನೂ ಊಟಕ್ಕೆ ಕರೆದಳು. ಫೋನು ಅಮರನಿಗೇ ಯಾಕೆ ಬಂತು ಎಂದು ನೇತ್ರಾಳಿಗೆ ಒಂದು ಗಳಿಗೆ ಚುರುಕ್ ಎಂದಿತು. ಹುಟ್ಟುಗುಣ ಸುಟ್ಟರೂ ಹೋಗುವುದುಂಟೇ?

ಆ ಭಾನುವಾರ ಬೆಳಿಗ್ಗೆ ದಾನಪ್ಪನವರ ಫ್ಲಾಟಿನ ಹೊರಗೆ, ಮೆಟ್ಟಿಲ ಬಳಿ ಇಬ್ಬರೂ ನಿಂತಿದ್ದರು. ಅಮರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರುತ್ತಿದ್ದ. ಒಳಗಿನಿಂದ ಒಗ್ಗರಣೆಯ ವಾಸನೆ.

"ನಾನು ತಮ್ಮ ಮಗಳನ್ನು ಮದುವೆಯಾಗಲು ಇಚ್ಛಿಸುತ್ತೇನೆ..." ಎಂದು ಅಭ್ಯಾಸ ಶುರು ಮಾಡಿದ.

"ಬ್ಯಾಡ! ಪ್ರತೀಕ್ಷಾ ಕಲಿಸಿದ್ದು ಬ್ಯಾಡ," ಎಂದಳು ನೇತ್ರಾ ಹುಬ್ಬು ಗಂಟಿಕ್ಕಿ. "ಇವತ್ತಿನಿಂದ ಕನ್ನಡ ನನ್ನ ಹಂತ್ಯಾಕ ಕಲೀಬೇಕು. ತಿಳೀತೇನು? ಹಿಂಗ ಅನ್ನು... ಕಾಕಾರ, ನನಗ ನೇತ್ರಾ ಬೇಕ್ರಿ."

ಅಮರ ಗಂಟಲು ಸರಿಮಾಡಿಕೊಂಡ. ಅವಳ ಕಣ್ಣುಗಳನ್ನೇ ನೋಡುತ್ತ ಹೇಳಿದ.

"ಕಾಕಾರ... ನನಗ ನೇತ್ರಾ ಬೇಕ್ರಿ."

ನೇತ್ರಾ ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

"ಇನ್ನೊಮ್ಮೆ ಹೇಳು."

"ಯಾಕ? ತಪ್ಪಾತೇನು?"

"ತಪ್ಪೇನೂ ಆಗಿಲ್ಲ," ಎಂದಳು ಅವಳು ಮೆಲ್ಲಗೆ. "ಆದ್ರೂ... ಇನ್ನೊಮ್ಮೆ ಹೇಳು."